ಹತ್ತು ಹಾಡು, ಒಂಬತ್ತು ಸಹಿ

ನಮಗೆ ಇದ್ದದ್ದು ಮೂರೇ ಭಾನುವಾರ. ಮೂರನೆಯ ಭಾನುವಾರ ಕಳೆದು ಬರುವ ಗುರುವಾರ ಗಾಯಕರೊಬ್ಬರಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಗಂಟಲಿನಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಹಾಡುವುದಿರಲಿ, ಮಾತೂ ಬರುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರಂತೆ. ಇದನ್ನು ನನಗೆ ತಿಳಿಸಿದವಳು ಆ ಗಾಯಕರ ಮಗಳು. ಇಳಕಲ್ಲಿನಿಂದ ಬಸ್ಸಿನಲ್ಲಿ ಬಂದು ಬಾಗಲಕೋಟೆ ವಿದ್ಯಾಗಿರಿಯ ನನ್ನ ವಿಡಿಯೋ ಸ್ಟುಡಿಯೋದಲ್ಲಿ ಕುರ್ಚಿಯ ತುದಿಗೆ ಕೂತಿದ್ದಳು.

"ಅಕ್ಕಾರ, ನಮ್ಮಪ್ಪನ ದನಿ ಒಂದ್ ಸಲ ಚಂದಂಗ ಹಿಡದ್ ಕೊಡ್ರಿ. ಮೊಬೈಲಿನ್ಯಾಗ ನಾ ತಗದದ್ದು ಬರೇ ಗರಗರ ಅಂತೈತಿ. ನನ್ನ ಮಗಳಿಗೆ ಈಗಿನ್ನಾ ಎಂಟ್ ತಿಂಗಳ. ಅಜ್ಜ ಹೆಂಗ್ ಹಾಡ್ತಿದ್ದ ಅಂತ ನಾ ಆಕಿಗೆ ಬಾಯಿಲೆ ಹೇಳಾಕ ಬರ್ತೈತೇನ್ರಿ?"

ಆಕೆಯ ಅಪ್ಪ ಹಗಲೆಲ್ಲ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುವವರು. ಭಾನುವಾರ ಸಂಜೆ ಮಾತ್ರ ಹಾಡುಗಾರರು. ಅವರ ಆರ್ಕೆಸ್ಟ್ರಾ ಎಂದರೆ ನಾಲ್ಕೇ ಜನ: ಅವರು, ಕೀಬೋರ್ಡಿಗೊಬ್ಬ, ತಬಲಾಕ್ಕೊಬ್ಬ, ರಿದಮ್ ಪ್ಯಾಡಿಗೊಬ್ಬ. ಮದುವೆ ಮುಂಜಿಗೆ ಹೋಗುವವರಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದಗಳ ಕ್ಲಬ್ಬುಗಳಲ್ಲಿ ವಾರಕ್ಕೊಂದರಂತೆ ಹಾಡಿಕೊಂಡು ಬಂದವರು. ಮೂವತ್ತು ವರ್ಷ ಹಾಗೆ ಹಾಡಿದರೂ ಅವರದೊಂದು ಸರಿಯಾದ ಧ್ವನಿಮುದ್ರಣ ಇರಲಿಲ್ಲ. ನನಗೆ ಅದನ್ನು ಕೇಳಿಯೇ ಸಿಟ್ಟು ಬಂತು. ಎರಡು ಗಂಟೆಯ ಸೀಮಂತಕ್ಕೆ ನಾಲ್ಕು ಕ್ಯಾಮೆರಾ ತರಿಸುವ ಊರುಗಳು ಇವು.

ಮೊದಲು ಸುಲಭದ ದಾರಿ ನೋಡಿದೆ. ಅವರನ್ನು ಸ್ಟುಡಿಯೋಕ್ಕೇ ಕರೆಸಿದೆ. ಗೋಡೆಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ಒಳ್ಳೆಯ ಮೈಕು ಇಟ್ಟು, "ಹಾಡ್ರಿ" ಎಂದೆ. ಅವರು ಅತ್ತಿತ್ತ ನೋಡಿ, "ಯಾರ ಸಲುವಾಗಿ ಹಾಡ್ಲಿ ತಂಗಿ? ಚೀಟಿ ಎಲ್ಲೈತಿ?" ಎಂದು ಕೇಳಿದರು. ಕ್ಲಬ್ಬಿನಲ್ಲಿ ಕೇಳುಗರು ತಮಗೆ ಬೇಕಾದ ಹಾಡನ್ನೂ ತಮ್ಮ ಹೆಸರನ್ನೂ ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಇವರು ಆ ಹೆಸರನ್ನು ಆಲಾಪದಲ್ಲಿ ಎತ್ತಿಕೊಂಡು, ಅದನ್ನು ತಿರುಗಿಸಿ ತಿರುಗಿಸಿ, ಅಲ್ಲಿಂದಲೇ ಹಾಡಿಗೆ ಇಳಿಯುತ್ತಾರೆ. ನಾನು ಚೀಟಿ ಬರೆದುಕೊಟ್ಟೆ. ನನ್ನ ಅಪ್ಪನನ್ನೂ ಕರೆದು ಎದುರು ಕೂರಿಸಿದೆ. ಹಾಡಿದರು, ಆದರೆ ಯಾರೋ ಬರೆದದ್ದನ್ನು ಓದಿದ ಹಾಗೆ ಹಾಡಿದರು. ಮೂರು ಸಲ ಹಾಗೇ ಆಯಿತು.

"ತಪ್ಪು ತಿಳ್ಕೋಬ್ಯಾಡ ತಂಗಿ," ಎಂದು ಶಾಲು ಹೊದ್ದುಕೊಂಡರು. "ನೀ ಕೆಲಸಾ ಮಾಡಾಕ ಕುಂತೀ. ಕೇಳಾಕ ಕುಂತಿಲ್ಲ."

ಅಂದರೆ ಕ್ಲಬ್ಬಿನಲ್ಲೇ ಚಿತ್ರೀಕರಿಸಬೇಕು. ಅಲ್ಲಿಂದ ನನ್ನ ಅರ್ಜಿಗಳು ಶುರುವಾದವು.

ಕ್ಲಬ್ಬುಗಳಿಗೆ ಕ್ಯಾಮೆರಾ ಎಂದರೆ ಆಗದು. ಬಾಗಿಲಲ್ಲೇ ಒಂದು ಕಪಾಟು, ಒಳಗೆ ಹೋಗುವವರು ಮೊಬೈಲನ್ನು ಅದರಲ್ಲಿಟ್ಟು ಹೋಗಬೇಕು. ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಒಳಗೆ ಕೂತವರು ಒಬ್ಬರಿಗೆ ಮಾಸ್ತರು, ಇನ್ನೊಬ್ಬರಿಗೆ ಬೀಗರು, ಮತ್ತೊಬ್ಬರಿಗೆ ವಕೀಲರು. ಎದುರಿಗೆ ಗ್ಲಾಸು ಇರುತ್ತದೆ. ನಮ್ಮಂಥ ಊರುಗಳಲ್ಲಿ ಒಂದು ಫೋಟೋ ಸಾಕು, ಮರುದಿನ ಬೆಳಗಿನ ಚಹಾದ ಹೊತ್ತಿಗೆ ಊರೆಲ್ಲ ಮುಟ್ಟಿರುತ್ತದೆ.

ಮೊದಲ ಭಾನುವಾರ ಬಾದಾಮಿ. ಬನಶಂಕರಿಯ ದಾರಿಯಲ್ಲಿ ಒಂದು ಹೋಟೆಲಿಗೆ ಸೇರಿದ ಕ್ಲಬ್ಬು. ಮ್ಯಾನೇಜರು ಬರವಣಿಗೆಯಲ್ಲಿ ಕೊಡಿ ಎಂದರು. ನಾನು 'ಲೈವ್ ಬ್ಯಾಂಡ್ ಚಿತ್ರೀಕರಣಕ್ಕೆ ಅನುಮತಿ ಕೋರಿ' ಎಂದು ತಲೆಬರಹ ಹಾಕಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು.

"ಮೇಡಮ್ಮಾರ, ಇದೇನ್ ಬರದೀರಿ? ಲೈವ್ ಬ್ಯಾಂಡ್ ಅಂದ್ರ ಹುಡಿಗ್ಯಾರ್ನ ಕುಣಸೋ ಬಾರ್ ಅಂತ ತಿಳೀತಾರ. ಪೊಲೀಸ್ರ ಕಣ್ಣಿಗೆ ಬಿದ್ರ ನನ್ನ ಕೆಲಸಾ ಹೋಗ್ತದ."

ಅರ್ಜಿಯನ್ನು ತಿದ್ದಿ 'ಸುಗಮ ಸಂಗೀತ ಕಾರ್ಯಕ್ರಮ' ಎಂದು ಬರೆದು ಮತ್ತೆ ಕಳಿಸಿದೆ. ಆದರೆ ಅಷ್ಟರಲ್ಲಿ ಅವರು ಹೆದರಿ ಮೊದಲಿನ ಅರ್ಜಿಯನ್ನೇ ಮಾಲೀಕರಿಗೆ ಕಳಿಸಿಯಾಗಿತ್ತು. ಮಾಲೀಕರು ಪುಣೆಯಲ್ಲಿದ್ದರು. ಭಾನುವಾರ ಸಂಜೆಯವರೆಗೂ ಉತ್ತರ ಬರಲಿಲ್ಲ. ನಾನು ಕ್ಯಾಮೆರಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಕೂತೆ. ಕಿಟಕಿಯಿಂದ ಅವರ ದನಿ ಬರುತ್ತಿತ್ತು. ಸ್ಟುಡಿಯೋದಲ್ಲಿ ಕೇಳಿದ ದನಿ ಇದಲ್ಲವೇ ಅಲ್ಲ. ರೆಕಾರ್ಡರ್ ತೆಗೆದು ಒತ್ತಿಬಿಡೋಣ ಎಂದು ಕೈ ಜಗ್ಗಿತು. ಒತ್ತಲಿಲ್ಲ. ಪ್ರವಾಸಿಗರ ಬಸ್ಸುಗಳ ಹಾರ್ನಿನ ನಡುವೆ ಅದರಿಂದ ಉಪಯೋಗವೂ ಇರಲಿಲ್ಲ.

ಎರಡನೆಯ ಭಾನುವಾರ ಹುನಗುಂದ. ಈ ಸಲ ನಾನು ನಾಲ್ಕು ದಿನ ಮೊದಲೇ ಹೋದೆ. ಅಲ್ಲಿಯ ಅಧ್ಯಕ್ಷರು ಒಳ್ಳೆಯ ಮಾತಿನವರು. ಕಮಿಟಿ ಒಪ್ಪಿದರೆ ತಮ್ಮದೇನೂ ಇಲ್ಲ, ಭಾನುವಾರ ನಾಲ್ಕು ಗಂಟೆಗೆ ಐವರನ್ನು ಸೇರಿಸುತ್ತೇನೆ ಎಂದರು. ಐದು ಜನ ಇಲ್ಲದೆ ಕಮಿಟಿ ಸಭೆ ಸಭೆಯೇ ಅಲ್ಲವಂತೆ. ನಾಲ್ಕಕ್ಕೆ ಮೂವರು ಬಂದರು. ಐದಕ್ಕೆ ನಾಲ್ಕನೆಯವರು ಬಂದು ಚಹಾ ಹೇಳಿದರು. ಐದನೆಯವರು ಕುಷ್ಟಗಿಯಲ್ಲಿ ಮದುವೆಯ ಊಟದ ಪಂಕ್ತಿಯಲ್ಲಿ ಕೂತಿದ್ದರು. ಫೋನಿನಲ್ಲೇ ಒಪ್ಪಿಗೆ ಕೊಟ್ಟರು, ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದೆ. ಆದರೆ ಬೈಲಾದಲ್ಲಿ ಫೋನಿನ ಒಪ್ಪಿಗೆಗೆ ಜಾಗ ಇರಲಿಲ್ಲ.

"ಆ ಮನುಷ್ಯಾಗ ಹಾಡ್ಲಿಕ್ಕೆ ಇನ್ನ ಹನ್ನೊಂದು ದಿವಸ ಉಳದಾವ್ರಿ," ಎಂದೆ. ನನ್ನ ದನಿ ಏರಿತ್ತು.

"ಅದಕ್ಕ ನಮ್ಮ ಸಹಾನುಭೂತಿ ಐತ್ರಿ," ಎಂದರು ಅಧ್ಯಕ್ಷರು. "ಆದ್ರ ಬೈಲಾ ಅಂದ್ರ ಬೈಲಾನ."

ನಾನು ಅಲ್ಲಿ ಸುಮ್ಮನಿರಬೇಕಿತ್ತು. ಇರಲಿಲ್ಲ. ಗ್ಲಾಸು ಎತ್ತುವಾಗ ಎಷ್ಟು ಜನರ ಕೋರಂ ಬೇಕು ಎಂದು ಕೇಳಿಬಿಟ್ಟೆ. ನಾಲ್ವರೂ ಒಟ್ಟಿಗೆ ಎದ್ದರು. ಆವತ್ತು ಹೊರಗೆ ಕೂರಲೂ ಬಿಡಲಿಲ್ಲ. ಬಾಗಲಕೋಟೆಗೆ ಮರಳುವ ಬಸ್ಸಿನಲ್ಲಿ ನನ್ನ ಬಾಯಿಯನ್ನು ನಾನೇ ಬೈದುಕೊಂಡೆ. ಗಾಯಕರ ಮಗಳಿಗೆ ಏನು ಹೇಳುವುದೆಂದು ತಿಳಿಯದೆ ಅವಳ ಫೋನು ಎತ್ತಲಿಲ್ಲ.

ಉಳಿದದ್ದು ಬಾಗಲಕೋಟೆ. ಅಲ್ಲಿಯ ಕಾರ್ಯದರ್ಶಿ ನಿವೃತ್ತ ಸರಕಾರಿ ಅಧಿಕಾರಿ, ಮನೆಯಲ್ಲಿ ಸಿಗುವವರಲ್ಲ, ಫೋನು ಎತ್ತುವವರಂತೂ ಅಲ್ಲ. ಶನಿವಾರ ತಪ್ಪದೆ ತುಳಸಿಗೇರಿಗೆ ಹೋಗುತ್ತಾರೆ ಎಂದು ತಿಳಿಯಿತು. ಬೆಳಿಗ್ಗೆ ಅಲ್ಲಿಗೇ ಹೋಗಿ, ಹಣಮಪ್ಪನ ದರ್ಶನ ಮುಗಿಸಿ ಅವರು ಚಪ್ಪಲಿ ಹಾಕಿಕೊಳ್ಳುವಾಗ ಎದುರು ನಿಂತೆ. ಈ ಸಲ ದನಿ ಏರಿಸಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಕಾಯಿಯ ಹೋಳನ್ನು ನನಗೆ ಕೊಟ್ಟರು.

"ಮೂವತ್ತು ವರ್ಷ ಅವನ ಹಾಡ ಕೇಳೇನ್ರಿ ನಾನೂ," ಎಂದರು. "ನಮ್ಮವ್ರ ಮುಖಾ ಬರಬಾರದು. ಅಷ್ಟ. ನಾಳೆ ಮುಂಜಾನಿ ಒಂದು ಮುಚ್ಚಳಿಕಿ ಬರದು ಕೊಡ್ರಿ, ಕಮಿಟಿಗೆ ನಾ ಹೇಳ್ತೇನಿ."

ಮುಖ ಬರಬಾರದು, ಅಷ್ಟೆ. ಒಂದು ಸಾಲಿನ ಮುಚ್ಚಳಿಕೆ ಸಾಕಿತ್ತು. ಆದರೆ ನಮ್ಮದು ಮಾಸ್ತರ ಮನೆ. ಅಜ್ಜ ಮಾಸ್ತರು, ಅಪ್ಪ ನಿವೃತ್ತ ಮಾಸ್ತರು. ನಮ್ಮ ಮನೆಯಿಂದ ಹೊರಗೆ ಹೋಗುವ ಕಾಗದದಲ್ಲಿ ಯಾರೂ ಕೊಂಕು ತೆಗೆಯಬಾರದು ಎಂಬುದು ನಮ್ಮ ದೊಡ್ಡಸ್ತಿಕೆ. ನಾನು ಬರೆದ ಸಾಲನ್ನು ಅಪ್ಪ ಕನ್ನಡಕ ಏರಿಸಿ ನೋಡಿದರು.

"ಮುಖ ಅಷ್ಟ ಬರದ್ರ ಹ್ಯಾಂಗ? ನಾಳೆ ಯಾವನರ ಬಂದು ನನ್ನ ಕೈಯಾಗಿನ ಉಂಗುರ ಕಾಣಸ್ತದ ಅಂದ್ರ? ಸಂದು ಇರಬಾರದವ್ವಾ ಕಾಗದದಾಗ."

ಇಬ್ಬರೂ ಕೂತು ತಿದ್ದಿದೆವು, ಅಪ್ಪ ಶುದ್ಧಪ್ರತಿ ಬರೆದರು. 'ಸದಸ್ಯರ ಗುರುತು ಮುಖದಿಂದಾಗಲಿ, ಮಾತಿನಿಂದಾಗಲಿ, ಹೆಸರಿನಿಂದಾಗಲಿ ಅಥವಾ ಇನ್ನಾವುದೇ ರೀತಿಯಿಂದಾಗಲಿ ತಿಳಿಯುವಂಥ ಯಾವುದೇ ಭಾಗವನ್ನು ಸಂಪೂರ್ಣವಾಗಿ ಅಳಿಸಿಹಾಕಲು ಬದ್ಧಳಾಗಿದ್ದೇನೆ.' ಓದಿದಾಗ ನಾಲಗೆಗೆ ಎಲ್ಲೂ ತಡೆಯಲಿಲ್ಲ. ನನಗೂ ಹೆಮ್ಮೆ ಎನಿಸಿತು. ಕಾರ್ಯದರ್ಶಿ ಅದನ್ನು ಓದಿ, "ಭಾರೀ ಬರದೀರಿ ಬಿಡ್ರಿ," ಎಂದು ಮೆಚ್ಚಿ ಮೊಹರು ಒತ್ತಿದರು.

ಭಾನುವಾರ ಮಧ್ಯಾಹ್ನ ಮೂರಕ್ಕೇ ಕ್ಲಬ್ಬಿಗೆ ಹೋದೆ. ಎರಡು ಕ್ಯಾಮೆರಾ, ಎರಡೂ ಕೇಳುಗರಿಗೆ ಬೆನ್ನು ಮಾಡಿ. ಒಂದು ಎದುರಿಗೆ ಗಾಯಕರ ಎದೆಯಿಂದ ಮೇಲಕ್ಕೆ, ಇನ್ನೊಂದು ಪಕ್ಕದಿಂದ ನಾಲ್ವರೂ ಬರುವ ಹಾಗೆ. ಮಂದ ಬೆಳಕಿಗೆ ಆಗುವ ಲೆನ್ಸು ಹಾಕಿದೆ. ಫ್ಲ್ಯಾಶಿನ ಮಾತೇ ಇಲ್ಲ. ಮಿಕ್ಸರಿನಿಂದ ರೆಕಾರ್ಡರಿಗೆ ನೇರವಾಗಿ ಒಂದು ವೈರು ಎಳೆದೆ, ಕೋಣೆಯ ಗದ್ದಲ ಅದರೊಳಗೆ ಬರದಂತೆ. ವೇದಿಕೆಯ ಹಿಂದೆ ಗೋಡೆಯಗಲದ ಕನ್ನಡಿ ಇತ್ತು. ಅದರಲ್ಲಿ ಇಡೀ ಸಭೆ ಕಾಣುತ್ತಿತ್ತು. ಎರಡು ಬೆಡ್‌ಶೀಟ್ ತಂದು ಮುಚ್ಚಿದೆ. ಕೀಬೋರ್ಡಿನ ಹೊಳಪಿನಲ್ಲಿ ಏನಾದರೂ ಮೂಡುತ್ತದೆಯೇ ಎಂದು ಬಗ್ಗಿ ನೋಡಿದೆ. ನೀರಿನ ಸ್ಟೀಲ್ ಜಗ್ಗನ್ನೂ ಬಿಡಲಿಲ್ಲ, ಅದಕ್ಕೊಂದು ಟವೆಲು ಸುತ್ತಿಸಿದೆ. ಬಿಸಿನೀರು ತಂದಿಡುತ್ತಿದ್ದ ವೇಟರು ನಕ್ಕು, "ಅಕ್ಕಾರ, ಜಗ್ಗಿಗೂ ನಾಚಿಕಿ ಐತೇನ್ರಿ?" ಎಂದ.

ಆರಕ್ಕೆ ಶುರುವಾಯಿತು. ಚೀಟಿಗಳು ಬಂದವು. ಅವರು ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ಓದಿ, ಕಣ್ಣು ಮುಚ್ಚಿ, ದನಿ ಎತ್ತುತ್ತಿದ್ದರು. ಹೆಡ್‌ಫೋನಿನಲ್ಲಿ ಆ ದನಿ ನನ್ನ ತಲೆಯೊಳಗೇ ಹುಟ್ಟುತ್ತಿತ್ತು. ನಾನು ಅಳುವವಳಲ್ಲ. ಮೂರನೆಯ ಹಾಡಿಗೆ ಫೋಕಸ್ ಸರಿಯಿದೆಯೋ ಇಲ್ಲವೋ ಕಾಣಲಿಲ್ಲ, ಕಣ್ಣು ಒರೆಸಿಕೊಂಡು ನೋಡಬೇಕಾಯಿತು. ಒಂಬತ್ತು ಹಾಡು ಹಾಗೆ ಬಂದವು. ಹತ್ತನೆಯದನ್ನು ಅವರು ಯಾವಾಗಲೂ ಚೀಟಿಯಿಲ್ಲದೆ, ತಮಗೆ ನೀರು ತಂದುಕೊಟ್ಟವನ ಹೆಸರು ಎತ್ತಿ ಹಾಡುತ್ತಾರಂತೆ. ಆವತ್ತೂ ವೇಟರನ ಹೆಸರು ಎತ್ತಿದರು. ಎರಡನೆಯ ಚರಣದಲ್ಲಿ ದನಿ ಒಡೆಯಿತು. ಮತ್ತೆ ಏರಿಸಲು ಹೋದರು, ಆಗಲಿಲ್ಲ. "ಕ್ಷಮಾ ಮಾಡಪಾ, ಇವತ್ತಿಗೆ ಇಷ್ಟ," ಎಂದು ಮೈಕು ಕೆಳಗಿಟ್ಟರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರೂ ಎದ್ದು ನಿಂತಿದ್ದರು.

ಮರುದಿನ ಲ್ಯಾಪ್‌ಟಾಪ್ ಹಿಡಿದು ಕಾರ್ಯದರ್ಶಿಯ ಕೋಣೆಗೆ ಹೋದೆ. ಮೊದಲ ಚಿತ್ರ ನೋಡಿ ಅವರು ತಲೆದೂಗಿದರು. ಸದಸ್ಯರ ಒಂದು ಮುಖವಿಲ್ಲ, ಒಂದು ಕೈಯಿಲ್ಲ. ಆಮೇಲೆ ಆಲಾಪ ಬಂತು. ಊರಿಗೆಲ್ಲ ಗೊತ್ತಿರುವ ಒಬ್ಬ ವಕೀಲರ ಹೆಸರು, ಅಡ್ಡಹೆಸರಿನ ಸಮೇತ, ಪೂರ್ತಿ ಒಂದು ನಿಮಿಷ. ಚರಣ ಮುಗಿದಾಗ ಮತ್ತೊಮ್ಮೆ. ಕಾರ್ಯದರ್ಶಿ ನನ್ನ ಮುಖ ನೋಡಿದರು. ನಾನು ವಿಡಿಯೋ ನಿಲ್ಲಿಸಿದೆ.

ಇದು ನನಗೆ ಹೊಳೆಯದೇ ಹೋದದ್ದು ಹೇಗೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಸ್ಟುಡಿಯೋದಲ್ಲಿ ಚೀಟಿ ಬರೆದುಕೊಟ್ಟವಳು ನಾನೇ. ಮುಚ್ಚಳಿಕೆಯಲ್ಲಿ 'ಹೆಸರಿನಿಂದಾಗಲಿ' ಎಂದು ಸೇರಿಸಿದವಳೂ ನಾನೇ. ಆದರೆ ಅವರು ಹಾಡುವಾಗ ನನಗೆ ಹೆಸರು ಕೇಳಿಸಲೇ ಇಲ್ಲ, ಹಾಡು ಮಾತ್ರ ಕೇಳಿಸಿತು. ನಾನು ಜಗ್ಗಿಗೆ ಟವೆಲು ಸುತ್ತುತ್ತಿದ್ದೆ.

"ಮುಖಾ ಬರಬಾರದು ಅಂತ ಅಷ್ಟ ಕೇಳಿದ್ದೆ ನಾ," ಎಂದರು ಕಾರ್ಯದರ್ಶಿ. ಅವರಿಗೂ ಬೇಸರವಾಗಿತ್ತು. "ಹೆಸರಿನ ಮಾತು ನೀವ ಬರದೀರಿ. ಅದನ್ನ ಕಮಿಟಿ ಮುಂದ ಓದೇನಿ, ಮೊಹರ ಒತ್ತೇನಿ. ಈಗ ನಾ ಏನ್ ಮಾಡ್ಲಿ ಹೇಳ್ರಿ? ಒಂಬತ್ತೂ ಮಂದಿ ಸಹಿ ಮಾಡಿ ಕೊಟ್ರ ನಂದೇನೂ ತಕರಾರಿಲ್ಲ. ಶನಿವಾರ ತನಕ ನೋಡ್ರಿ."

ಮೊದಲು ಕತ್ತರಿಸಿ ನೋಡಿದೆ. ಎರಡು ದಿನ ಕೂತೆ. ಹೆಸರು ಬರೀ ಮೊದಲಿಗೆ ಇದ್ದಿದ್ದರೆ ತೆಗೆಯಬಹುದಿತ್ತು. ಅವರು ಹೆಸರಿನ ಕೊನೆಯ ಸ್ವರದ ಮೇಲೇ ಪಲ್ಲವಿಯ ಮೊದಲ ಸ್ವರವನ್ನು ಕೂರಿಸುತ್ತಿದ್ದರು. ಹೆಸರು ತೆಗೆದರೆ ಹಾಡು ಎಡವಿ ಬೀಳುತ್ತಿತ್ತು. ಚರಣದ ನಡುವೆ ಬಂದಲ್ಲಿ ದನಿ ಅಡಗಿಸಿದರೆ ತುಟಿ ಹೆಸರನ್ನೇ ಹೇಳುತ್ತಿತ್ತು. ಬುಧವಾರ ಬೆಳಿಗ್ಗೆ ಅದನ್ನು ಬಿಟ್ಟು ಸಹಿಗಾಗಿ ಹೊರಟೆ. ಇನ್ನೊಬ್ಬರ ಬಾಗಿಲಿಗೆ ಹೋಗಿ ಬೇಡುವುದು ನನ್ನ ಜಾಯಮಾನವಲ್ಲ. ಆದರೂ ಹೋದೆ.

ವಕೀಲರು ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ಒಳಗೆ ಕೇಳಿಸದಂತೆ ಹೇಳಿದರು: "ಬಾಯಾರ, ನಮ್ಮನ್ಯಾಗ ನಾ ಕ್ಲಬ್ಬಿಗೆ ಶಟಲ್ ಆಡಾಕ ಹೋಗ್ತೇನಿ ಅಂತ ತಿಳದಾರ. ಇಪ್ಪತ್ತು ವರ್ಷ ಆತು." ಕಾಲೇಜಿನ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳಿಗೆ ತಿಳಿದರೆ ಹೇಗೆ ಎಂದು ಕೈಮುಗಿದರು. ಬಟ್ಟೆ ವ್ಯಾಪಾರಿಯ ಮಗಳಿಗೆ ಗಂಡು ಗೊತ್ತಾಗಿತ್ತು, ಬೀಗರು ಕಟ್ಟುನಿಟ್ಟಿನವರು. ಯಾರೂ ಕೆಟ್ಟವರಲ್ಲ. ಎಲ್ಲರೂ ನನ್ನನ್ನು ಕೂರಿಸಿ ಅಥವಾ ನಿಲ್ಲಿಸಿ ಹಾಡುಗಾರರ ಆರೋಗ್ಯ ವಿಚಾರಿಸಿದರು. ಇಬ್ಬರ ಕಣ್ಣಲ್ಲಿ ನೀರೂ ಬಂತು. ಸಹಿ ಮಾತ್ರ ಬರಲಿಲ್ಲ. ಒಬ್ಬ ಹಿರಿಯ ಡಾಕ್ಟರು ಮಾತ್ರ ಒಂದೇ ಮಾತಿಗೆ ಸಹಿ ಹಾಕಿಕೊಟ್ಟರು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದೆ. ಮರುದಿನ ಬೆಳಿಗ್ಗೆ ಅವರದೇ ಫೋನು.

"ಉಳದವ್ರು ಯಾರೂ ಸಹಿ ಮಾಡಿಲ್ಲಂತಲ್ಲ ತಂಗಿ? ನಂದೊಂದ ಹೆಸರು ಉಳದ್ರ, ಆ ಕ್ಲಬ್ಬಿನಾಗ ನಾ ಒಬ್ಬನ ಕುಡೀತಿದ್ದೆ ಅಂತಾಗ್ತೈತಿ ನೋಡು. ಆ ಕಾಗದ ಹರದ್ ಹಾಕು."

ಅದು ಗುರುವಾರ. ಆ ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಗಾಯಕರ ಮಗಳು ಹುಬ್ಬಳ್ಳಿಯಿಂದ ಫೋನು ಮಾಡಿದಳು. ಅಪ್ಪನನ್ನು ಒಳಗೆ ಕರೆದುಕೊಂಡು ಹೋದರು ಎಂದಳು. "ಹಾಡು ಬಂದಾವಲ್ರಿ ಅಕ್ಕಾರ?" ಎಂದು ಕೇಳಿದಳು. ಬಂದಿವೆ ಎಂದೆ. ಆ ಹೊತ್ತಿನಲ್ಲಿ ಬೇರೇನೂ ಹೇಳಲು ನನ್ನಿಂದ ಆಗಲಿಲ್ಲ.

ಶನಿವಾರ ಕ್ಲಬ್ಬಿನ ಕೋಣೆಯಲ್ಲಿ, ಕಾರ್ಯದರ್ಶಿ ಮತ್ತು ಇಬ್ಬರು ಕಮಿಟಿಯವರ ಎದುರು, ಒಂಬತ್ತು ಹಾಡುಗಳನ್ನು ಅಳಿಸಿದೆ. ಎರಡೂ ಕ್ಯಾಮೆರಾಗಳ ಕಾರ್ಡು, ರೆಕಾರ್ಡರಿನ ಕಾರ್ಡು, ಲ್ಯಾಪ್‌ಟಾಪು, ಹಾರ್ಡ್ ಡಿಸ್ಕು. ಒಂದನ್ನು ಬಚ್ಚಿಟ್ಟುಕೊಳ್ಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಬರೆದುಕೊಟ್ಟ ಮಾತು, ನಮ್ಮ ಅಪ್ಪನ ಅಕ್ಷರ. ಆಗಲಿಲ್ಲ. ಹತ್ತನೆಯ ಹಾಡಿಗೆ ಬಂದಾಗ ಕಾರ್ಯದರ್ಶಿ ಕೈ ಅಡ್ಡ ಮಾಡಿದರು.

"ಅದು ಇರಲಿ. ಅಂವ ಸದಸ್ಯ ಅಲ್ಲ. ಮುಚ್ಚಳಿಕಿ ಅವಗ ಹತ್ತೂದಿಲ್ಲ."

ವೇಟರನನ್ನೂ ಕರೆದು ಕೇಳಿದೆ. ಅವನು ಟ್ರೇಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತು ಕೇಳಿಸಿಕೊಂಡ. "ಇರ್ಲಿ ಬಿಡ್ರಿ ಅಕ್ಕಾರ. ನನ್ನ ಹೆಸರು ಅಷ್ಟ್ ಚಂದಂಗ ಮತ್ತ ಯಾರ್ ತಗೋತಾರ," ಎಂದು ಸಹಿ ಮಾಡಿದ. ನಾನು ಹೊತ್ತುಕೊಂಡು ತಿರುಗಿದ ಹಾಳೆಗಳಲ್ಲಿ ಉಳಿದ ಸಹಿ ಅದೊಂದೇ.

ಮೂರು ವಾರದ ಮೇಲೆ ಇಳಕಲ್ಲಿಗೆ ಹೋದೆ. ಅವರು ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಕೊರಳಿಗೆ ತೆಳುವಾದ ಬಿಳಿ ಬಟ್ಟೆ, ತೊಡೆಯ ಮೇಲೆ ಒಂದು ನೋಟುಬುಕ್ಕು. ಮಗಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಳು. ಹಾಕಿದೆ. ವೇಟರನ ಹೆಸರು ಮೇಲೆ ಹೋಯಿತು, ಪಲ್ಲವಿ ಬಂತು, ಮೊದಲ ಚರಣ ಬಂತು, ಎರಡನೆಯದರಲ್ಲಿ ದನಿ ಒಡೆಯಿತು. ಕ್ಷಮಾ ಮಾಡಪಾ, ಇವತ್ತಿಗೆ ಇಷ್ಟ. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

ಅವರು ಬರೆದರು: ಉಳಿದವು?

ನಡೆದದ್ದೆಲ್ಲವನ್ನೂ ಹೇಳಿದೆ. ಯಾರ ಹೆಸರನ್ನೂ ಹೇಳಲಿಲ್ಲ. ಅವರು ಬೇಸರಪಟ್ಟಂತೆ ಕಾಣಲಿಲ್ಲ, ತಲೆಯಾಡಿಸುತ್ತ ಕೇಳಿದರು. ಆಮೇಲೆ ಬಹಳ ಹೊತ್ತು ಬರೆದು ನೋಟುಬುಕ್ಕನ್ನು ನನ್ನ ಕಡೆ ತಿರುಗಿಸಿದರು.

'ಇದೊಂದ ಉಳದ್ರ ನಾ ಹಿಂಗ ಹಾಡ್ತಿದ್ದೆ ಅಂತ ತಿಳೀತಾರ. ಅಳಸಿಬಿಡು ತಂಗಿ.'

"ಅಪ್ಪಾ, ಬ್ಯಾಡ," ಎಂದಳು ಮಗಳು. "ಯಾರಿಗೂ ತೋರಸೂದಿಲ್ಲ. ನನಗಷ್ಟ ಇರ್ಲಿ. ಇದಕ್ಕರೆ ಇರ್ಲಿ," ಎಂದು ಕೂಸನ್ನು ಮುಂದೆ ಹಿಡಿದಳು. ಅವರು ಮೊಮ್ಮಗಳ ತಲೆ ಸವರಿದರು. ಆಮೇಲೆ ಅದೇ ಕೈಯಿಂದ ಪೆನ್ನು ಎತ್ತಿಕೊಂಡು 'ಅಳಸಿಬಿಡು' ಎಂಬುದರ ಕೆಳಗೆ ಗೆರೆ ಎಳೆದರು.

ಒಂದು ತಿಂಗಳು ನಾನು ಮ್ಯಾನೇಜರು, ಅಧ್ಯಕ್ಷರು, ಕಾರ್ಯದರ್ಶಿ, ವಕೀಲ, ಡಾಕ್ಟರು, ವೇಟರು ಎಲ್ಲರ ಒಪ್ಪಿಗೆ ಕೇಳಿದ್ದೆ. ಈ ಮನುಷ್ಯನನ್ನು ಮಾತ್ರ ಕೇಳಿರಲಿಲ್ಲ. ನಾಚಿಕೆಯಾಯಿತು. ಅವರ ಎದುರಿಗೇ ಲ್ಯಾಪ್‌ಟಾಪಿನಿಂದ ತೆಗೆದೆ, ಮಗಳಿಗೆಂದು ತಂದಿದ್ದ ಪೆನ್‌ಡ್ರೈವಿನಿಂದಲೂ ತೆಗೆದೆ. ಅವರು ಕೈಮುಗಿದರು.

ಮಗಳು ಕೂಸನ್ನೆತ್ತಿಕೊಂಡು ಬಸ್ ನಿಲ್ದಾಣದವರೆಗೆ ಬಂದಳು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದಳು.

"ಅಕ್ಕಾರ, ಸ್ಟುಡಿಯೋದಾಗ ಇನ್ನೊಂದು ಕಾಪಿ ಇಟ್ಟಿರ್ತೀರಲ್ರಿ? ಎಲ್ಲಾರೂ ಇಡ್ತಾರಂತಲ್ಲ."

"ಇಲ್ಲವ್ವಾ, ಇಟ್ಟಿಲ್ಲ," ಎಂದೆ.

ಬಾಗಲಕೋಟೆಯಲ್ಲಿ ಇಳಿದು ಮನೆಗೂ ಹೋಗದೆ ನೇರ ಸ್ಟುಡಿಯೋಕ್ಕೆ ಬಂದೆ. ಚಪ್ಪಲಿ ಕಳಚದೆ ಕಂಪ್ಯೂಟರ್ ಹಚ್ಚಿದೆ. ಹತ್ತನೆಯ ಹಾಡಿನ ಪ್ರತಿ ಅದರಲ್ಲಿತ್ತು. ಇನ್ನೊಮ್ಮೆ ಕೇಳಲಿಲ್ಲ. ಅವಳಿಗೆ ನಾನು ಹೇಳಿದ ಮಾತು ನಿಜವಾದದ್ದು ಆಮೇಲೆ.